ಜಮಖಂಡಿ–ಮುಧೋಳ ಸೀಮೆಯ ನಗೆಯಾಟ ಮತ್ತು ನೋಡುಗರ ತೀರ್ಪು

ಮನೆಯೊಳಗಿನ ಮುನಿಸು, ಜಗಳಗಳನ್ನು ನಗೆಯಾಗಿಸಿ ಆಡುವ ಪದ್ಧತಿ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಟಿ.ವಿ.ಗಿಂತ ಬಹಳ ಹಳೆಯದು. ಶ್ರೀಕೃಷ್ಣ ಪಾರಿಜಾತದಲ್ಲಿ ಮುನಿದ ಹೆಂಡತಿಯ ಬಾಗಿಲಿಗೆ ಜಗದೊಡೆಯನೇ ಬಂದು ನಿಲ್ಲುತ್ತಾನೆ. ಕಂಪನಿ ನಾಟಕದಲ್ಲಿ ಮಗಳ ಮದುವೆಗೆ ಅಡ್ಡ ನಿಂತ ಸಿಡುಕು ಅಪ್ಪ ಗುಡುಗುತ್ತಾನೆ. ಟಿ.ವಿ.ಯ ಹಾಸ್ಯ ಧಾರಾವಾಹಿಯಲ್ಲಿ ಮನೆಯ ಯಜಮಾನ ದಿನಕ್ಕೊಂದು ಪೇಚಿಗೆ ಸಿಕ್ಕುತ್ತಾನೆ. ಮನೆಯಲ್ಲಿ ಯಾರ ಮಾತು ನಡೆಯಬೇಕು ಎಂಬ ಪ್ರಶ್ನೆಯನ್ನು ಮೂರೂ ಬಗೆಯ ಆಟಗಳು ನಗಿಸುತ್ತ ಕೇಳಿವೆ. ಉತ್ತರ ಹೇಳುವ ಹಕ್ಕನ್ನು ಇಲ್ಲಿನ ನೋಡುಗರು ತಮ್ಮ ಬಳಿಯೇ ಇಟ್ಟುಕೊಂಡು ಬಂದಿದ್ದಾರೆ. ಆಟ ಬದಲಾದಂತೆ ಆ ತೀರ್ಪು ಹೇಳುವ ಬಗೆ ಹೇಗೆ ಬದಲಾಯಿತು ಎಂಬುದು ಈ ಸೀಮೆಯ ರಂಗಚರಿತ್ರೆಯ ಮುಖ್ಯ ಎಳೆ.

ನಾಲ್ಕು ಆಡಳಿತಗಳ ನಡುವಿನ ಸೀಮೆ

ಇಂದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ನಾಲ್ಕೂ ಬಾಗಲಕೋಟೆ ಜಿಲ್ಲೆಯ ತಾಲ್ಲೂಕುಗಳು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯವರೆಗೆ ಇವು ಬಿಜಾಪುರ ಜಿಲ್ಲೆಯಲ್ಲಿದ್ದವು. ಸ್ವಾತಂತ್ರ್ಯಕ್ಕೆ ಮುಂಚೆ ಸೀಮೆ ಹಲವು ಕೈಗಳಲ್ಲಿ ಹಂಚಿಹೋಗಿತ್ತು. ಜಮಖಂಡಿ ಮತ್ತು ಬನಹಟ್ಟಿ ಪಟವರ್ಧನರ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದವು. ಮುಧೋಳ ಮತ್ತು ಮಹಾಲಿಂಗಪುರ ಘೋರ್ಪಡೆ ಮನೆತನದ ಮುಧೋಳ ಸಂಸ್ಥಾನದವು. ರಬಕವಿ ಮತ್ತು ತೇರದಾಳ ಸಾಂಗಲಿ ಸಂಸ್ಥಾನದವು. ಬೀಳಗಿ ನೇರವಾಗಿ ಬ್ರಿಟಿಷರ ಆಡಳಿತದಲ್ಲಿತ್ತು. ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು, 1956ರಲ್ಲಿ ಇಡೀ ಪ್ರದೇಶ ಮೈಸೂರು ರಾಜ್ಯಕ್ಕೆ ಬಂತು.

ಹೀಗೆ ಹಂಚಿಹೋದ ನೆಲದಲ್ಲಿ ದರಬಾರಿನ ಭಾಷೆ ಮರಾಠಿ, ಮನೆ-ಹೊಲ-ಮಗ್ಗದ ಭಾಷೆ ಕನ್ನಡ. ಕೃಷ್ಣಾ ಮತ್ತು ಘಟಪ್ರಭಾ ದಂಡೆಯ ಒಕ್ಕಲುತನ, ರಬಕವಿ-ಬನಹಟ್ಟಿಯ ನೇಕಾರಿಕೆ, ಮಹಾಲಿಂಗಪುರದ ಬೆಲ್ಲದ ಪೇಟೆ ಇವು ಜನರ ಕೈಗೆ ನಾಲ್ಕು ಕಾಸು ತಂದವು. ಸುಗ್ಗಿ ಮುಗಿದ ಮೇಲೆ ಬರುವ ಜಾತ್ರೆಗಳು ಆಟ ನೋಡಲು ಬಿಡುವು ಕೊಟ್ಟವು. ಎರಡು ಭಾಷೆಗಳ ರಂಗಭೂಮಿಯೂ ಇಲ್ಲಿ ಹಾದುಹೋಯಿತು. ಆದ್ದರಿಂದ ಇಲ್ಲಿನ ಪ್ರೇಕ್ಷಕರಿಗೆ ಹಾಡು, ಮಾತು, ನಟನೆಗಳನ್ನು ಒಂದಕ್ಕೊಂದು ಹೋಲಿಸಿ ನೋಡುವ ಅವಕಾಶ ಬಹಳ ಮೊದಲೇ ಸಿಕ್ಕಿತು.

ಪಾರಿಜಾತ: ಮನೆಜಗಳದ ಮೊದಲ ಆಟ

ಈ ಭಾಗದ ಜನ ‘ಪಾರಿಜಾತ’ ಎಂದಷ್ಟೇ ಕರೆಯುವ ಶ್ರೀಕೃಷ್ಣ ಪಾರಿಜಾತವನ್ನು ಮೊದಲು ರಚಿಸಿದವನು ಅಪರಾಳ ತಮ್ಮಣ್ಣ. ಆಡುವವರ ಬಾಯಿಗೆ ಒಗ್ಗುವಂತೆ ಅದನ್ನು ತಿದ್ದಿ ಬೆಳೆಸಿದವನು ಕುಲಗೋಡ ತಮ್ಮಣ್ಣ. ಕುಲಗೋಡ ಬೆಳಗಾವಿ ಜಿಲ್ಲೆಯ ಹಳೆಯ ಗೋಕಾಕ ತಾಲ್ಲೂಕಿನ ಊರು. ಮುಧೋಳ ತಾಲ್ಲೂಕಿನ ಎಲ್ಲೆ ಅಲ್ಲಿಂದ ದೂರವಿಲ್ಲ. ಆಟ ಅಲ್ಲಿಂದ ಘಟಪ್ರಭೆಯ ಎರಡೂ ದಂಡೆಯ ಹಳ್ಳಿಗಳಿಗೆ ಹರಡಿತು, ಮುಧೋಳ ಸುತ್ತಿನ ಊರುಗಳಲ್ಲಿ ಅದಕ್ಕೆ ಗಟ್ಟಿಯಾದ ಮೇಳಗಳು ಹುಟ್ಟಿಕೊಂಡವು.

ಕಥೆ ಚಿಕ್ಕದು. ನಾರದ ದೇವಲೋಕದ ಪಾರಿಜಾತದ ಹೂ ತರುತ್ತಾನೆ. ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ. ಸುದ್ದಿ ಕೇಳಿದ ಸತ್ಯಭಾಮೆ ಮುನಿದು ಮಲಗುತ್ತಾಳೆ. ಆಕೆಯನ್ನು ಸಮಾಧಾನ ಮಾಡಲು ಕೃಷ್ಣ ಪಡುವ ಪಾಡೇ ಬೆಳಗಿನವರೆಗೆ ನಡೆಯುವ ಆಟ. ಪುರಾಣದ ಹೆಸರುಗಳನ್ನು ತೆಗೆದಿಟ್ಟರೆ ಉಳಿಯುವುದು ಇಬ್ಬರು ಹೆಂಡಿರ ನಡುವೆ ಸಿಕ್ಕಿಬಿದ್ದ ಸಂಸಾರಿಯೊಬ್ಬನ ಕಷ್ಟ. ನೋಡುವವರು ಅದನ್ನು ತಮ್ಮ ಓಣಿಯ ಕಥೆಯೆಂದೇ ತಿಳಿದು ನಕ್ಕರು.

ಆಟದ ಕಟ್ಟಡವೇ ನೋಡುಗರನ್ನು ಒಳಗೆ ಕರೆದುಕೊಳ್ಳುವಂಥದು. ದೊಡ್ಡಾಟದ ಕಿರೀಟ, ಭುಜಕೀರ್ತಿಗಳ ಭಾರ ಇಲ್ಲಿಲ್ಲ. ಹಂದರ, ಕೆಲವು ದೀಪ, ಪೇಟಿ, ತಬಲಾ, ತಾಳ ಇದ್ದರೆ ಸಾಕು. ಹಾಡುಗಳು ಮೊದಲೇ ಗೊತ್ತುಮಾಡಿದವು. ನಡುವಿನ ಮಾತು ಮಾತ್ರ ಆ ರಾತ್ರಿ ಹುಟ್ಟಬೇಕು. ಭಾಗವತ ಬಂದ ಪಾತ್ರವನ್ನು ನಿಲ್ಲಿಸಿ ಹೆಸರು, ಊರು, ಬಂದ ಕಾರಣ ವಿಚಾರಿಸುತ್ತಾನೆ. ದೂತಿಯಾದವಳು ಸತ್ಯಭಾಮೆಯ ಸೇವಕಿಯೂ ಹೌದು, ಊರಿನ ಜನರ ಪರವಾಗಿ ಆಕೆಯನ್ನು ಕೆಣಕುವವಳೂ ಹೌದು. ರಾಣಿಯ ಸಿರಿವಂತಿಕೆಯ ಜಂಬ ಅತಿಯಾದಾಗ ದೂತಿಯ ಒಂದು ಮಾತು ಅದನ್ನು ನೆಲಕ್ಕಿಳಿಸುತ್ತದೆ. ಆ ವರ್ಷದ ಮಳೆ, ಧಾರಣಿ, ಊರಿನ ಚುನಾವಣೆ ಎಲ್ಲವೂ ದೂತಿಯ ಬಾಯಲ್ಲಿ ಬರಬಹುದು. ಹೀಗಾಗಿ ಒಂದೇ ಪಾರಿಜಾತ ಮುಧೋಳ ತಾಲ್ಲೂಕಿನ ಲೋಕಾಪುರದಲ್ಲಿ ಒಂದು ಬಗೆ, ಬೀಳಗಿಯಲ್ಲಿ ಇನ್ನೊಂದು ಬಗೆಯಾಗಿ ಕಂಡಿತು.

20ನೆಯ ಶತಮಾನದ ಮೊದಲ ಭಾಗದಲ್ಲಿ ಪಾರಿಜಾತಕ್ಕೆ ದೊಡ್ಡ ಹೆಸರು ತಂದವರು ಕೌಜಲಗಿ ನಿಂಗಮ್ಮ. ಹೆಣ್ಣಿನ ಪಾತ್ರಗಳನ್ನೂ ಗಂಡಸರೇ ಮಾಡುತ್ತಿದ್ದ ಕಾಲದಲ್ಲಿ ಹೆಣ್ಣೊಬ್ಬಳು ಸತ್ಯಭಾಮೆಯಾಗಿ ನಿಂತು ಹಾಡಿ, ಮಾತಿಗೆ ಮಾತು ಕೊಟ್ಟದ್ದು ಆಟದ ಅರ್ಥವನ್ನೇ ಬದಲಿಸಿತು. ಗಂಡಸಿನ ಕಂಠದಲ್ಲಿ ಹಟವಾಗಿ ಕೇಳಿಸುತ್ತಿದ್ದ ಮುನಿಸು ಹೆಣ್ಣಿನ ಕಂಠದಲ್ಲಿ ನ್ಯಾಯದ ಮಾತಾಗಿಯೂ ಕೇಳಿಸತೊಡಗಿತು. ನಿಂಗಮ್ಮನವರ ನಂತರ ಪಾರಿಜಾತದಲ್ಲಿ ಕಲಾವಿದೆಯರ ಒಂದು ಪರಂಪರೆಯೇ ಬೆಳೆಯಿತು.

ಆಯೇರಿ, ಸಿಳ್ಳೆ ಮತ್ತು ‘ವನ್ಸ್ ಮೋರ್’

ಪಾರಿಜಾತ ನೋಡಲು ಟಿಕೀಟು ಇರಲಿಲ್ಲ. ಮೇಳಕ್ಕೆ ಊರವರು ಕೂಡಿ ವೀಳ್ಯ ಕೊಡುತ್ತಿದ್ದರು; ಅದರ ಮೇಲಿನ ಗಳಿಕೆ ಆಯೇರಿಯದು. ಒಂದು ಹಾಡು ಅಥವಾ ಒಂದು ಮಾತು ಮನಸ್ಸಿಗೆ ಹಿಡಿಸಿದರೆ ನೋಡುಗ ಎದ್ದು ಬಂದು ಕಲಾವಿದರ ಕೈಗೆ ಹಣ ಕೊಡುತ್ತಾನೆ. ಕೊಟ್ಟವರ ಹೆಸರು, ಊರು, ಮೊತ್ತವನ್ನು ಎಲ್ಲರಿಗೂ ಕೇಳುವಂತೆ ಸಾರಲಾಗುತ್ತದೆ. ಆಟ ಅಷ್ಟು ಹೊತ್ತು ನಿಲ್ಲುತ್ತದೆ. ಯಾವ ಪಾತ್ರಕ್ಕೆ, ಯಾವ ಮಾತಿಗೆ ಆಯೇರಿ ಬಂತು ಎಂಬುದು ಇಡೀ ಊರಿಗೆ ಗೊತ್ತಾಗುತ್ತದೆ. ಮೆಚ್ಚುಗೆ ಇಲ್ಲಿ ಕೊಟ್ಟವರ ಹೆಸರಿನೊಂದಿಗೆ ದಾಖಲಾಗುವ ಅಭಿಪ್ರಾಯ.

ಆಯೇರಿಗೆ ಎರಡು ಮುಖಗಳಿದ್ದವು. ಹಳ್ಳಿಯ ಬಡ ಕಲಾವಿದರ ಹೊಟ್ಟೆ ತುಂಬಿಸಿದ್ದು ಅದು. ಒಳ್ಳೆಯ ಹಾಡಿಗೆ, ಚುರುಕಾದ ಮಾತಿಗೆ ಅಲ್ಲಿಯೇ ಬೆಲೆ ಕಟ್ಟಿ ಕಲೆಯನ್ನು ಚೊಕ್ಕಗೊಳಿಸಿದ್ದೂ ಅದೇ. ಹಣವಿದ್ದವರ ನಡುವೆ ಪೈಪೋಟಿ ಎದ್ದಾಗ ಆಟದ ಓಟ ಮುರಿಯಿತು, ಕಲಾವಿದೆಯರು ಅಗೌರವವನ್ನು ನುಂಗಬೇಕಾದ ರಾತ್ರಿಗಳೂ ಬಂದವು. ಹಣ ಕೊಡಲಾಗದವರಿಗೆ ಚಪ್ಪಾಳೆ, ಸಿಳ್ಳೆ, ‘ವನ್ಸ್ ಮೋರ್’ ಎಂಬ ಕೂಗು ಇದ್ದವು. ಆಟ ಸಪ್ಪೆಯಾದರೆ ಜನ ಮಾತಿಗಿಳಿಯುತ್ತಿದ್ದರು, ಹೆಂಗಸರು ಮಕ್ಕಳನ್ನು ಎಬ್ಬಿಸಿಕೊಂಡು ಮನೆಗೆ ನಡೆಯುತ್ತಿದ್ದರು. ಮೇಳದವರಿಗೆ ಆ ತೀರ್ಪು ತಿಳಿಯಲು ಬೆಳಗಾಗಬೇಕಿರಲಿಲ್ಲ.

ಮರಾಠಿ ಸಂಗೀತ ನಾಟಕ ಮತ್ತು ಕಂಪನಿಗಳು

1843ರಲ್ಲಿ ಸಾಂಗಲಿಯ ಪಟವರ್ಧನ ದೊರೆಯ ಆಶ್ರಯದಲ್ಲಿ ವಿಷ್ಣುದಾಸ ಭಾವೆ ‘ಸೀತಾಸ್ವಯಂವರ’ ಆಡಿಸಿದರು. ಕರ್ನಾಟಕದ ಕರಾವಳಿಯಿಂದ ಅಲ್ಲಿಗೆ ಹೋಗಿದ್ದ ಯಕ್ಷಗಾನ ಮೇಳದ ಆಟ ಅದಕ್ಕೆ ಪ್ರೇರಣೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ 1880ರಲ್ಲಿ ‘ಸಂಗೀತ ಶಾಕುಂತಲ’ ಆಡಿಸಿದ ಮೇಲೆ ಮರಾಠಿ ಸಂಗೀತ ನಾಟಕದ ಯುಗ ಆರಂಭವಾಯಿತು. ಜಮಖಂಡಿಯ ಅರಸರೂ ಸಾಂಗಲಿಯವರೂ ಒಂದೇ ಪಟವರ್ಧನ ಮನೆತನದವರಾದ್ದರಿಂದ ಈ ರುಚಿ ಜಮಖಂಡಿ ಸೀಮೆಗೆ ತಡವಾಗದೆ ತಲುಪಿತು. ಕನ್ನಡದಲ್ಲಿ ಶಾಂತಕವಿಗಳು ಗದುಗಿನಲ್ಲಿ ನಾಟಕ ಮಂಡಳಿ ಕಟ್ಟಿ ಮರಾಠಿ ನಾಟಕಗಳಿಗೆ ಉತ್ತರ ಕೊಟ್ಟರು. ಮುಂದೆ ಕೊಣ್ಣೂರು, ಶಿರಹಟ್ಟಿ, ಗೋಕಾಕದಂಥ ಊರುಗಳ ಹೆಸರು ಹೊತ್ತ ಕಂಪನಿಗಳು ಉತ್ತರ ಕರ್ನಾಟಕದ ತುಂಬ ಮೊಕ್ಕಾಂ ಹೂಡಿದವು.

ಬೀಳಗಿ ಈ ಲೋಕಕ್ಕೆ ಕೊಟ್ಟ ದೊಡ್ಡ ಹೆಸರುಗಳು ಅಮೀರಬಾಯಿ ಕರ್ನಾಟಕಿ ಮತ್ತು ಗೋಹರಬಾಯಿ ಕರ್ನಾಟಕಿ. ಗೋಹರಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜತೆ ನಿಂತು ಹಾಡಿದವರು. ಅಮೀರಬಾಯಿ ಮುಂಬಯಿಯ ಚಿತ್ರರಂಗಕ್ಕೆ ಹೋಗಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶದ ಮನೆಮಾತಾದರು. ಬಿಜಾಪುರದಲ್ಲಿ ಅವರ ಹೆಸರಿನ ಅಮೀರ್ ಟಾಕೀಸ್ ನಿಂತಿತು. ಒಂದು ಸಣ್ಣ ಊರಿನ ಅಕ್ಕತಂಗಿಯರು ಇಷ್ಟು ದೂರ ನಡೆದದ್ದು ಇಲ್ಲಿನ ಹಾಡು-ಆಟದ ನೆಲ ಎಷ್ಟು ಹದವಾಗಿತ್ತು ಎಂಬುದಕ್ಕೆ ಸಾಕ್ಷಿ.

ಪೌರಾಣಿಕ ನಾಟಕದ ಭಾರೀ ಮಾತಿಗೆ ಈ ಜಿಲ್ಲೆಯ ದೊಡ್ಡ ಹೆಸರು ಕಂದಗಲ್ಲ ಹನುಮಂತರಾಯರದು. ಅವರ ‘ರಕ್ತರಾತ್ರಿ’, ‘ಕುರುಕ್ಷೇತ್ರ’ ನಾಟಕಗಳು ಕಂಪನಿಗಳ ಕೈ ದಾಟಿ ಹಳ್ಳಿಯ ಹವ್ಯಾಸಿಗಳ ಬಾಯಿಪಾಠವಾದವು. ಅಂಥ ಗಂಭೀರ ನಾಟಕಗಳ ದೃಶ್ಯಗಳ ನಡುವೆಯೂ ಪರದೆಯ ಮುಂದೆ ಒಂದು ಹಾಸ್ಯದ ತುಣುಕು ನಡೆಯಬೇಕಿತ್ತು. ಹಿಂದೆ ಸೀನು ಬದಲಿಸಲು ಸಮಯ ಬೇಕಾಗುತ್ತಿದ್ದದ್ದು ಒಂದು ಕಾರಣ; ನಗೆ ಇಲ್ಲದ ನಾಟಕಕ್ಕೆ ಜನ ಬರುತ್ತಿರಲಿಲ್ಲ ಎಂಬುದು ಇನ್ನೊಂದು.

ಸಿಡುಕು ಅಪ್ಪ ರಂಗಕ್ಕೆ ಬಂದ ಬಗೆ

ಪುರಾಣ ಹಿಂದೆ ಸರಿದು ಸಾಮಾಜಿಕ ನಾಟಕ ಮುಂದೆ ಬಂದಾಗ ಮನೆಯ ಯಜಮಾನನೇ ನಗೆಯ ಕೇಂದ್ರವಾದ. ಕನ್ನಡದಲ್ಲಿ ಮಧ್ಯಮ ವರ್ಗದ ಮನೆಯನ್ನು, ಅದರ ಬಯ್ಯುವ ಅಪ್ಪಂದಿರನ್ನು ರಂಗದ ಮೇಲೆ ನಿಲ್ಲಿಸಿದ ಮೊದಲ ಹೆಸರುಗಳಲ್ಲಿ ಟಿ.ಪಿ. ಕೈಲಾಸಂ ಅವರದು ಮುಖ್ಯ. ಅವರ ‘ಟೊಳ್ಳು ಗಟ್ಟಿ’ 1918ರದು. ಆದರೆ ಅದು ಬೆಂಗಳೂರು–ಮೈಸೂರಿನ ಮನೆ. ಉತ್ತರದ ಕಂಪನಿಗಳಲ್ಲಿ ಅದೇ ಅಪ್ಪ ಊರ ಗೌಡ, ಜಿಪುಣ ಸಾಹುಕಾರ, ಸಂಪ್ರದಾಯದ ಶಾಸ್ತ್ರಿ ಎಂಬ ವೇಷಗಳಲ್ಲಿ ಬಂದ. ಓದಿದ ಮಗನ ಮಾತು ಅವನಿಗೆ ಸೇರದು. ಮಗಳ ಮನಸ್ಸು ಅವನಿಗೆ ಕಾಣದು. ಆಳುಮಗ ಅವನ ಸಿಟ್ಟನ್ನು ಅವನಿಗೇ ತಿರುಗಿಸುತ್ತಾನೆ. ಕೊನೆಯ ಅಂಕದಲ್ಲಿ ಅಪ್ಪ ಕರಗುತ್ತಾನೆ, ಮದುವೆ ನಡೆಯುತ್ತದೆ.

ಈ ಪಾತ್ರದ ಗೆಲುವಿಗೆ ಕಾರಣವಿದೆ. ಕೂಡು ಕುಟುಂಬದ ಒಕ್ಕಲುಮನೆಯಲ್ಲಿ ಹೊಲ, ಹಣ, ಮದುವೆ ಎಲ್ಲದರ ಕೀಲಿ ಹಿರಿಯನ ಕೈಯಲ್ಲಿತ್ತು. ನೇಕಾರರ ಮನೆಯಲ್ಲಿ ಮಗ್ಗ, ನೂಲು, ಕೂಲಿಯ ಲೆಕ್ಕವೂ ಅವನದೇ. ಮನೆಯಲ್ಲಿ ಅವನೆದುರು ಯಾರೂ ನಗುವಂತಿರಲಿಲ್ಲ. ಹಂದರದ ಕೆಳಗೆ ಮಾತ್ರ ಮಗ, ಸೊಸೆ, ಆಳು, ಸ್ವತಃ ಯಜಮಾನ ಒಟ್ಟಿಗೆ ಕುಳಿತು ಅಂಥ ಒಬ್ಬ ಹಿರಿಯನನ್ನು ನೋಡಿ ನಕ್ಕರು. ಕಿರಿಯರಿಗೆ ಆ ನಗು ಬಿಡುಗಡೆ, ಹಿರಿಯರಿಗೆ ಎಚ್ಚರಿಕೆ. ಕೊನೆಗೆ ಅಪ್ಪ ಕರಗಿದರೆ ಎರಡೂ ಕಡೆಯವರು ಒಪ್ಪಿದರು. ಅಪ್ಪನನ್ನು ಬರೀ ಕೆಡುಕನನ್ನಾಗಿ ಮಾಡಿದ ನಾಟಕಕ್ಕಿಂತ, ಅವನ ಸಿಟ್ಟಿನ ಹಿಂದಿನ ಅಕ್ಕರೆಯನ್ನೂ ತೋರಿಸಿದ ನಾಟಕ ಹೆಚ್ಚು ದಿನ ನಡೆಯಿತು.

ಕಂಪನಿಯ ಲೆಕ್ಕದಲ್ಲಿ ನೋಡುಗರ ಅಭಿಪ್ರಾಯ ಗೇಟ್ ಕಲೆಕ್ಷನ್ ಆಗಿ ಕಾಣಿಸಿತು. ನಾಟಕ ಹಿಡಿಸದಿದ್ದರೆ ಮೂರು ದಿನದಲ್ಲಿ ಬೋರ್ಡು ಬದಲಾಗುತ್ತಿತ್ತು. ಇದರ ಅತಿ ದೊಡ್ಡ ಪರೀಕ್ಷೆ ನಡೆಯುವುದು ಬಾದಾಮಿ ಬಳಿಯ ಬನಶಂಕರಿ ಜಾತ್ರೆಯಲ್ಲಿ. ಬನದ ಹುಣ್ಣಿಮೆಯಿಂದ ಶುರುವಾಗಿ ವಾರಗಟ್ಟಲೆ ನಡೆಯುವ ಈ ಜಾತ್ರೆಗೆ ಹಲವು ಕಂಪನಿಗಳು ಒಟ್ಟಿಗೆ ಬಂದು ಎದುರುಬದುರು ಹಂದರ ಹಾಕುತ್ತವೆ, ರಾತ್ರಿಗೆ ಒಂದಕ್ಕಿಂತ ಹೆಚ್ಚು ಆಟ ಕೊಡುತ್ತವೆ. ಬೀಳಗಿ, ಮುಧೋಳ, ಜಮಖಂಡಿಯಿಂದ ಬಂದವರು ಒಂದು ಕಂಪನಿಯಿಂದ ಇನ್ನೊಂದಕ್ಕೆ ನಡೆದು ಯಾವುದು ಚಲೋ, ಯಾವುದು ಸಪ್ಪೆ ಎಂದು ಅಲ್ಲಿಯೇ ತೀರ್ಮಾನಿಸುತ್ತಾರೆ. ಊರಿಗೆ ಹಿಂದಿರುಗಿದವರ ಬಾಯಿಮಾತೇ ಮುಂದಿನ ಜಾಹೀರಾತು.

ಹಳ್ಳಿಗಳ ಹವ್ಯಾಸಿ ನಾಟಕ ಇದರ ಇನ್ನೊಂದು ಕವಲು. ಜಾತ್ರೆಗೆ ಎರಡು ತಿಂಗಳಿರುವಾಗ ಹುಡುಗರು ಕೂಡಿ ಪಾರ್ಟು ಹಂಚಿಕೊಳ್ಳುತ್ತಾರೆ. ನಾಟಕದ ಮಾಸ್ತರರು, ಪೇಟಿ ಮಾಸ್ತರರು ತಾಲೀಮು ಮಾಡಿಸುತ್ತಾರೆ. ಪಟ್ಟಣದಿಂದ ಡ್ರಾಮಾ ಸೀನ್ಸ್, ಮೈಕು, ನಟಿಯರು ಬರುತ್ತಾರೆ. ಸಿಡುಕು ಗೌಡನ ಪಾತ್ರ ಮಾಡಿದವನು ಮರುದಿನ ಅದೇ ಓಣಿಯಲ್ಲಿ ಓಡಾಡಬೇಕಾದ್ದರಿಂದ ಅವನ ನಟನೆಯ ವಿಮರ್ಶೆ ವರ್ಷವಿಡೀ ನಡೆಯುತ್ತದೆ. 1970ರ ದಶಕದ ನಂತರ ಹಲವು ಕಂಪನಿಗಳು ದ್ವಂದ್ವಾರ್ಥದ ಹಾಸ್ಯಕ್ಕೆ ಒಲಿದಾಗ ಹೆಂಗಸರು ಹಂದರದಿಂದ ದೂರ ಸರಿದರು. ಆಗಿನ ಅತಿ ಕಠಿಣ ತೀರ್ಪು ಅದೇ ಆಗಿತ್ತು, ಅದನ್ನು ಕೇಳಿಸಿಕೊಂಡ ಮಾಲೀಕರು ಕಡಿಮೆ.

ಬಾನುಲಿಯ ಕಾಲ

1950ರ ಜನವರಿ 8ರಂದು ಆಕಾಶವಾಣಿಯ ಧಾರವಾಡ ಕೇಂದ್ರ ಆರಂಭವಾಯಿತು. ಉತ್ತರ ಕರ್ನಾಟಕದ ಮಾತು ಮನೆಯೊಳಗಿನ ಪೆಟ್ಟಿಗೆಯಿಂದ ಕೇಳಿಸಿದ್ದು ಆಗ. ಎನ್ಕೆ ಎಂದೇ ಹೆಸರಾದ ಎನ್.ಕೆ. ಕುಲಕರ್ಣಿ ಅಲ್ಲಿ ನಾಟಕ, ಹಾಸ್ಯ ರೂಪಕಗಳನ್ನು ಬೆಳೆಸಿದವರಲ್ಲಿ ಪ್ರಮುಖರು. ಗಂಡ-ಹೆಂಡಿರ ಜಗಳ, ಮಾವನ ಗೊಣಗಾಟ, ಮಗನ ಸಬೂಬು ಇವೆಲ್ಲ ಮಗ್ಗದ ಮನೆಗಳಲ್ಲಿ, ಹೋಟೆಲುಗಳಲ್ಲಿ, ಪಂಚಾಯಿತಿ ಕಟ್ಟೆಗಳಲ್ಲಿ ಕೇಳಿಬಂದವು. ನಟನ ಮುಖ ಕಾಣದಿದ್ದರೂ ಮಾತು ತಮ್ಮದಾಗಿತ್ತು. ಕೇಳುಗರ ಅಭಿಪ್ರಾಯ ಈಗ ಕೂಗಿನ ಬದಲು ಅಂಚೆಯ ಕಾರ್ಡಾಯಿತು. ಬರೆಯಬಲ್ಲವರು ಬರೆದರು, ಓದು ಬಾರದವರ ತೀರ್ಪು ಮೊದಲ ಬಾರಿಗೆ ಕಲಾವಿದರನ್ನು ಮುಟ್ಟದೆ ಉಳಿಯಿತು.

ಬೆಂಗಳೂರಿಗಿಂತ ಮೊದಲು ಬಂದ ಟಿ.ವಿ.

ಟಿ.ವಿ. ಕರ್ನಾಟಕಕ್ಕೆ ಬಂದದ್ದು ರಾಜಧಾನಿಯ ಮೂಲಕ ಅಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಭಾರತ ಸರ್ಕಾರ ಅಮೆರಿಕದ ಎ.ಟಿ.ಎಸ್.-6 ಉಪಗ್ರಹವನ್ನು ಎರವಲು ಪಡೆದು ‘ಸೈಟ್’ ಎಂಬ ಉಪಗ್ರಹ ಬೋಧನಾ ಟಿ.ವಿ. ಪ್ರಯೋಗ ನಡೆಸಿತು. ಆರು ರಾಜ್ಯಗಳ 20 ಜಿಲ್ಲೆಗಳ ಸುಮಾರು 2,400 ಹಳ್ಳಿಗಳು ಅದರಲ್ಲಿದ್ದವು. ಕರ್ನಾಟಕದಿಂದ ಆಯ್ಕೆಯಾದದ್ದು ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಅಂದರೆ ಜಮಖಂಡಿ, ಮುಧೋಳ, ಬೀಳಗಿಗಳನ್ನು ಒಳಗೊಂಡಿದ್ದ ಅಂದಿನ ಬಿಜಾಪುರ ಜಿಲ್ಲೆಯ ಹಳ್ಳಿಗರು ಬೆಂಗಳೂರಿನವರಿಗಿಂತ ಆರು ವರ್ಷ ಮೊದಲೇ ಕನ್ನಡ ಟಿ.ವಿ. ನೋಡಿದರು.

ಶಾಲೆ ಅಥವಾ ಪಂಚಾಯಿತಿ ಕಟ್ಟಡದಲ್ಲಿ ಸಮುದಾಯದ ಸೆಟ್ಟು, ಮೇಲೆ ಸುಮಾರು ಹತ್ತು ಅಡಿ ಅಗಲದ ತಂತಿಬಲೆಯ ಆಂಟೆನಾ ಇರುತ್ತಿದ್ದವು. ಬೆಳಗಿನ ಒಂದೂವರೆ ತಾಸು ಮಕ್ಕಳ ಪಾಠ, ಸಂಜೆಯ ಎರಡೂವರೆ ತಾಸು ಬೇಸಾಯ, ಆರೋಗ್ಯ, ಕುಟುಂಬ ಯೋಜನೆ ಮತ್ತು ಮನರಂಜನೆ. ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನ ಕೇಂದ್ರದಲ್ಲಿ ತಯಾರಾದವು. ಜನ ಪಾರಿಜಾತ ನೋಡಿದಂತೆಯೇ ನೆಲದ ಮೇಲೆ ಒತ್ತಾಗಿ ಕುಳಿತು ನೋಡಿದರು, ಟೀಕೆ ಮಾಡಿದರು, ಪಕ್ಕದವರಿಗೆ ವಿವರಿಸಿದರು. ಭಾರತದಲ್ಲಿ ಹಳ್ಳಿಯ ಟಿ.ವಿ. ನೋಡುಗರ ಅಭಿಪ್ರಾಯವನ್ನು ದೊಡ್ಡ ಪ್ರಮಾಣದಲ್ಲಿ, ಶಾಸ್ತ್ರೀಯವಾಗಿ ಸಂಗ್ರಹಿಸಿದ್ದೂ ಆಗಲೇ. ಸಮಾಜವಿಜ್ಞಾನಿಗಳು ಆಯ್ದ ಹಳ್ಳಿಗಳಲ್ಲಿ ನೆಲೆಸಿ ಜನ ಏನು ನೋಡಿದರು, ಏನು ಒಪ್ಪಿದರು ಎಂದು ಬರೆದುಕೊಂಡರು. ವರ್ಷ ಮುಗಿದಾಗ ಉಪಗ್ರಹ ಹಿಂದಿರುಗಿತು. 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಬಂತು. ಬಿಜಾಪುರದ ಪಶ್ಚಿಮ ತಾಲ್ಲೂಕುಗಳು ಟಿ.ವಿ.ಗಾಗಿ ಮತ್ತೆ ಕಾಯಬೇಕಾಯಿತು.

ದೂರದರ್ಶನ ಮತ್ತು ಕಾಗದ ಬರೆದ ನೋಡುಗರು

1980ರ ದಶಕದಲ್ಲಿ ಮರುಪ್ರಸಾರ ಕೇಂದ್ರಗಳು ದೇಶದ ತುಂಬ ಹಬ್ಬಿದಾಗ ಪಟ್ಟಣದ ಮಾಳಿಗೆಗಳ ಮೇಲೆ ಆಂಟೆನಾಗಳು ಎದ್ದವು. 1984ರ ಜುಲೈ 7ರಂದು ಆರಂಭವಾಗಿ 156 ಕಂತು ನಡೆದ ಹಿಂದಿಯ ‘ಹಮ್ ಲೋಗ್’ ಭಾರತೀಯ ಟಿ.ವಿ.ಯ ಮೊದಲ ದೊಡ್ಡ ಕೌಟುಂಬಿಕ ಧಾರಾವಾಹಿ. ಅದರ ಅಪ್ಪ ಬಸೇಸರ್ ರಾಮ್ ಕುಡುಕ, ಮುಂಗೋಪಿ. ತಾಯಿ ಭಾಗವಂತಿ ಎಲ್ಲವನ್ನೂ ಸಹಿಸುವವಳು. ಕಂತಿನ ಕೊನೆಯಲ್ಲಿ ನಟ ಅಶೋಕ್ ಕುಮಾರ್ ಬಂದು ನೋಡುಗರನ್ನು ಕುರಿತು ಮಾತಾಡುತ್ತಿದ್ದರು. ದೇಶದಾದ್ಯಂತದಿಂದ ಸುಮಾರು ನಾಲ್ಕು ಲಕ್ಷ ಪತ್ರಗಳು ಬಂದವು. ಮೊದಲ 13 ಕಂತುಗಳ ಕುಟುಂಬ ಯೋಜನೆಯ ಉಪದೇಶ ಜನರಿಗೆ ಹಿಡಿಸದೆ ಹೋದಾಗ ಕಥೆಯ ಒತ್ತು ಬದಲಾಯಿತು. ಹೆಣ್ಣಿನ ಅತಿ ಸಹನೆ ತಪ್ಪೆಂದು ತೋರಿಸಲು ಕಟ್ಟಿದ ಭಾಗವಂತಿಯ ಪಾತ್ರವನ್ನು ಅನೇಕರು ಆದರ್ಶ ತಾಯಿಯೆಂದೇ ಮೆಚ್ಚಿಕೊಂಡರು. ಬರೆದವರ ಉದ್ದೇಶವೂ ನೋಡಿದವರ ತೀರ್ಪೂ ಒಂದೇ ಆಗಬೇಕಿಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು.

ಸಿಡುಕು ಅಪ್ಪನ ವಿಷಯದಲ್ಲಿ ಇದೇ ಮಾತನ್ನು ಅಮೆರಿಕದ ಅಧ್ಯಯನವೂ ಹೇಳುತ್ತದೆ. 1971ರಲ್ಲಿ ಅಲ್ಲಿ ಆರಂಭವಾದ ‘ಆಲ್ ಇನ್ ದ ಫ್ಯಾಮಿಲಿ’ ಹಾಸ್ಯ ಧಾರಾವಾಹಿಯ ಆರ್ಚಿ ಬಂಕರ್ ಮನೆಯವರನ್ನೆಲ್ಲ ಗದರಿಸುವ, ಬೇರೆ ಬಣ್ಣ-ಧರ್ಮದವರನ್ನು ಹೀಗಳೆಯುವ ಅಪ್ಪ. ಅವನನ್ನು ನೋಡಿ ಜನ ತಮ್ಮ ಪೂರ್ವಗ್ರಹ ಬಿಡಲಿ ಎಂಬುದು ತಯಾರಕರ ಆಸೆ. ವಿಡ್ಮರ್ ಮತ್ತು ರೋಕೀಚ್ ಎಂಬ ಸಂಶೋಧಕರು 1974ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪೂರ್ವಗ್ರಹ ಹೆಚ್ಚಿದ್ದ ನೋಡುಗರು ಆರ್ಚಿಯ ಪರವಾಗಿಯೇ ನಿಂತದ್ದು ಕಂಡುಬಂತು. ಹಂದರದ ಕೆಳಗೆ ಗೌಡನ ಪಾತ್ರ ನೋಡಿದ ಮಾವ ಒಂದು ಕಾರಣಕ್ಕೆ, ಸೊಸೆ ಇನ್ನೊಂದು ಕಾರಣಕ್ಕೆ ನಗುತ್ತಿದ್ದದ್ದು ಇದೇ ಬಗೆಯದು. ಹಂದರದಲ್ಲಿ ಇಬ್ಬರೂ ಒಬ್ಬರ ನಗು ಇನ್ನೊಬ್ಬರಿಗೆ ಕೇಳುವಂತೆ ಕುಳಿತಿದ್ದರು, ಆದ್ದರಿಂದ ವಾದ ಮನೆಯವರೆಗೂ ಮುಂದುವರಿಯಿತು.

ಕನ್ನಡ ವಾಹಿನಿಗಳ ಹಾಸ್ಯ ಮತ್ತು ಉತ್ತರದ ಮಾತು

ದೂರದರ್ಶನದ ದಿನಗಳಲ್ಲಿ ರಮೇಶ್ ಭಟ್ ಕರ್ನಲ್ ಪಾತ್ರ ಮಾಡಿದ ‘ಕ್ರೇಜಿ ಕರ್ನಲ್’ ಕನ್ನಡದ ನೋಡುಗರಿಗೆ ಟಿ.ವಿ. ಹಾಸ್ಯದ ರುಚಿ ತೋರಿಸಿತು. 1994ರಲ್ಲಿ ಉದಯ ಟಿ.ವಿ., 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ ಬಂದವು. ಈಟಿವಿಯಲ್ಲಿ ಸಿಹಿಕಹಿ ಚಂದ್ರು ಅವರ ‘ಪಾಪ ಪಾಂಡು’ ಮತ್ತು ವಿಜಯಪ್ರಸಾದ್ ಅವರ ‘ಸಿಲ್ಲಿ ಲಲ್ಲಿ’ ದಿನದ ಊಟದಷ್ಟು ರೂಢಿಯಾದವು. ಹೆಂಡತಿ ಶ್ರೀಮತಿಯ ಸಿಟ್ಟಿಗೆ ನಡುಗುವ ಪಾಂಡು, ಸತ್ಯಭಾಮೆಯ ಬಾಗಿಲಲ್ಲಿ ನಿಂತ ಕೃಷ್ಣನ ದೂರದ ನೆಂಟ. ಪಾರಿಜಾತ ಕಂಡ ಸೀಮೆಗೆ ಈ ಹಾಸ್ಯ ಹೊಸದಾಗಿರಲಿಲ್ಲ, ಬೇಗ ಹತ್ತಿರವಾಯಿತು.

ದೂರವಾಗಿ ಉಳಿದದ್ದು ಮಾತು. ಈ ಧಾರಾವಾಹಿಗಳ ಮನೆ ಬೆಂಗಳೂರಿನದು, ಮಾತು ದಕ್ಷಿಣದ್ದು. ಉತ್ತರ ಕರ್ನಾಟಕದ ಮಾತು ಬಹುಮಟ್ಟಿಗೆ ಆಳು, ಅಡುಗೆಯವಳು, ಊರಿಂದ ಬಂದ ಮುಗ್ಧ ನೆಂಟ ಇಂಥ ಪಾತ್ರಗಳ ಪಾಲಾಯಿತು. ಸತ್ಯಭಾಮೆಯೂ ಕೃಷ್ಣನೂ ತಮ್ಮ ಮಾತಿನಲ್ಲೇ ಆಡುವುದನ್ನು ಕೇಳಿ ಬೆಳೆದವರಿಗೆ ತಮ್ಮ ಮಾತು ಕೇವಲ ನಗೆಯ ಸರಕಾದದ್ದು ನೋವು ತಂದಿತು. ಉತ್ತರದ ನೋಡುಗರು ಕನ್ನಡ ಟಿ.ವಿ. ಹಾಸ್ಯದ ಬಗ್ಗೆ ಎತ್ತುತ್ತ ಬಂದ ಮುಖ್ಯ ಆಕ್ಷೇಪ ಇದು, ಮತ್ತು ಅದು ನ್ಯಾಯವಾದದ್ದು. ಯಜಮಾನನೂ ಅದೇ ಮಾತಾಡಿದಾಗ ಮಾತ್ರ ಆ ಮಾತಿನ ಹಾಸ್ಯ ಅದನ್ನಾಡುವವರನ್ನು ಕೀಳಾಗಿಸುವುದಿಲ್ಲ.

ಈ ಆಕ್ಷೇಪ ವಾಹಿನಿಗಳನ್ನು ತಲುಪಲು ದಾರಿ ಕಿರಿದಾಗಿತ್ತು. ಟಿ.ಆರ್.ಪಿ. ಎಂಬ ಅಳತೆಯಲ್ಲಿ ಬಹಳ ಕಾಲ ಹಳ್ಳಿಗಳು ಇರಲೇ ಇಲ್ಲ. ಲೆಕ್ಕದ ಭಾರವೆಲ್ಲ ದೊಡ್ಡ ನಗರಗಳ ಮೇಲಿತ್ತು. ಈ ಸೀಮೆಯಲ್ಲಿ ಅಂಥ ನಗರವಿರಲಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಯಾವ ಪಟ್ಟಣದ ಜನಸಂಖ್ಯೆಯೂ 2011ರ ಜನಗಣತಿಯಲ್ಲಿ ಒಂದು ಲಕ್ಷ ಮುಟ್ಟಿರಲಿಲ್ಲ. 2015ರಲ್ಲಿ ಬಾರ್ಕ್ ಸಂಸ್ಥೆ ಹೊಸ ಅಳತೆ ಆರಂಭಿಸಿ, ಆ ವರ್ಷದ ಕೊನೆಯ ಭಾಗದಲ್ಲಿ ಹಳ್ಳಿಯ ಮನೆಗಳನ್ನೂ ಸೇರಿಸಿತು. ಅನಂತರ ಕನ್ನಡ ವಾಹಿನಿಗಳು ಉತ್ತರದ ಕಥೆ, ಉತ್ತರದ ಹಾಸ್ಯದ ಕಡೆ ಹೆಚ್ಚು ತಿರುಗಿದವು. 2016ರಲ್ಲಿ ಜೀ ಕನ್ನಡದಲ್ಲಿ ಆರಂಭವಾದ ‘ಕಾಮಿಡಿ ಕಿಲಾಡಿಗಳು’ ಉತ್ತರ ಕರ್ನಾಟಕದ ಹಳ್ಳಿ ನಾಟಕಗಳಲ್ಲಿ ಪಳಗಿದ ಹಲವರನ್ನು ಪರದೆಗೆ ತಂದಿತು. ಅದಕ್ಕೆ ಮುಂಚೆಯೇ ಕಂಪನಿ ನಾಟಕದ ‘ಕಲಿಯುಗದ ಕುಡುಕ’ದಿಂದ ಹೆಸರಾದ ರಾಜು ತಾಳಿಕೋಟೆ ಕ್ಯಾಸೆಟ್ಟುಗಳ ಮೂಲಕ ಮನೆಮನೆ ತಲುಪಿ, ‘ಮನಸಾರೆ’ಯಂಥ ಚಿತ್ರಗಳಲ್ಲಿ ಇದೇ ಮಾತನ್ನು ದಕ್ಷಿಣಕ್ಕೆ ಕೇಳಿಸಿದ್ದರು.

ಇಂದಿನ ಸ್ಥಿತಿ

ಪಾರಿಜಾತದ ಮೇಳಗಳು ಇಂದು ಮೊದಲಿನಷ್ಟಿಲ್ಲ. ರಾತ್ರಿಯಿಡೀ ನಡೆಯುತ್ತಿದ್ದ ಆಟ ಉತ್ಸವದ ವೇದಿಕೆಗಳಲ್ಲಿ ಎರಡು-ಮೂರು ತಾಸಿಗೆ ಇಳಿದಿದೆ. ಸಮಯ ಕಡಿತವಾದಾಗ ಮೊದಲು ಬಿದ್ದುಹೋಗುವುದು ದೂತಿಯ ಹರಟೆ, ಅಂದರೆ ನೋಡುಗರಿಗೆ ಸೇರಿದ್ದ ಭಾಗ. ಬಾಗಲಕೋಟೆಯಲ್ಲಿ ಕಚೇರಿ ಇರುವ ಕರ್ನಾಟಕ ಬಯಲಾಟ ಅಕಾಡೆಮಿ ತರಬೇತಿ, ಪ್ರಶಸ್ತಿಗಳ ಮೂಲಕ ಆಟವನ್ನು ಉಳಿಸಲು ದುಡಿಯುತ್ತಿದೆ. ಹಾಡುಗಳ ಜತೆಗೆ ಸ್ಥಳದಲ್ಲೇ ಹುಟ್ಟುವ ಮಾತಿನ ಕಲೆಯನ್ನೂ ಕಲಿಸಿದಾಗ ಮಾತ್ರ ಆ ಕೆಲಸ ಪೂರ್ತಿಯಾಗುತ್ತದೆ.

ಹಳ್ಳಿಯ ಜಾತ್ರೆ ನಾಟಕ ಮಾತ್ರ ಟಿ.ವಿ. ಬಂದರೂ ನಿಂತಿಲ್ಲ. ಟಿ.ವಿ.ಯ ಹಾಸ್ಯ ಕಲಾವಿದರನ್ನು ಊರ ನಾಟಕಕ್ಕೆ ಕರೆಸುವುದು, ಧಾರಾವಾಹಿಯ ಮಾತಿನ ವರಸೆಯನ್ನು ನಾಟಕದ ಗೌಡನ ಬಾಯಿಗೆ ಹಾಕುವುದು ರೂಢಿಯಾಗಿದೆ. ಆಯೇರಿ ಇಂದಿಗೂ ಮೈಕಿನಲ್ಲಿ ಸಾರಲ್ಪಡುತ್ತದೆ. ಟಿ.ವಿ. ಮುಂದೆ ಕುಳಿತವರ ಅಭಿಪ್ರಾಯ ಅಂಕಿಯಾಗಿ ದೂರದ ಕಚೇರಿಗೆ ಹೋದರೆ, ಹಂದರದ ಮುಂದೆ ಕುಳಿತವರದು ಅಲ್ಲಿಯೇ ನಟನ ಮುಂದಿನ ಮಾತನ್ನು ತಿದ್ದುತ್ತದೆ. ಸಿಡುಕು ಅಪ್ಪನನ್ನು ನೋಡಿ ನಗುವಾಗ ಅವನ ಮಾತಿನ ಅನ್ಯಾಯವನ್ನೂ ಅವನ ಅಕ್ಕರೆಯನ್ನೂ ಒಟ್ಟಿಗೆ ತೂಗುವ ಅಭ್ಯಾಸವನ್ನು ಈ ಸೀಮೆ ಎರಡು ಶತಮಾನದ ಇಂಥ ನೋಟದಿಂದ ಗಳಿಸಿದೆ. ಟಿ.ವಿ. ಹಾಸ್ಯ ಬರೆಯುವವರು, ಅದನ್ನು ಅಳೆಯುವವರು ಇಲ್ಲಿನ ನೋಡುಗರಿಂದ ಕಲಿಯಬೇಕಾದದ್ದು ಆ ತೂಕ.